ರಾಜೀವಕ್ಕನ ಕಾಯಿಲೆಗಳು

“ಅಮ್ಮಾ, ರಾಜೀವಜ್ಜಿಗೆ ದಿನಕ್ಕೊಂದು ಕಾಯಿಲೆ ಯಾಕೆ ಬರ್ತದೆ?”

ಬೆಳಿಗ್ಗೆ ಏಳೂ ಕಾಲಿಗೆ, ಬೂಟಿನ ಲೇಸು ಕಟ್ಟಿಸಿಕೊಳ್ಳುತ್ತ ಹರ್ಷಾ ಕೇಳಿದಳು. ಯಶ್ಮಿತಾ ಹೇರ್‌ಪಿನ್ನನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು. ಶಾಲೆಯ ವ್ಯಾನು ಗೇಟಿಗೆ ಬರಲು ಇನ್ನು ಐದೇ ನಿಮಿಷ.

“ಯಾರು ಹೇಳಿದ್ದು ನಿನಗೆ?”

“ಯಾರೂ ಹೇಳ್ಲಿಲ್ಲ, ನಾನೇ ನೋಡಿದ್ದು. ಸೋಮವಾರ ಕುಂಟ್ತಾ ಇದ್ರು. ಮಂಗಳವಾರ ಮೆಟ್ಟಿಲು ಓಡಿ ಹತ್ತಿದ್ರು. ನಿನ್ನೆ ನಾನು ಗುಡ್ ಮಾರ್ನಿಂಗ್ ಅಂದ್ರೆ, ನೀನು ಯಾರ ಮಗು ಅಂತ ಕೇಳಿದ್ರು. ಸಂಜೆ ನೋಡಿದ್ರೆ ಎಲ್ಲಾ ನೆನಪು ಬಂದಿತ್ತು. ಚಿಕ್ಕಿ ಕೊಟ್ರು.”

“ಅದು ಅವರ ಕೆಲಸ ಮಗಾ.”

“ಕಾಯಿಲೆ ಬರೋದು ಕೆಲಸವಾ?”

ಕೆಳಗೆ ವ್ಯಾನಿನ ಹಾರ್ನು ಕೇಳಿಸಿತು. ಯಶ್ಮಿತಾ ಆ ಹೊತ್ತಿಗೆ ಬಚಾವಾದಳು. ಆದರೆ ಮಗುವನ್ನು ಹತ್ತಿಸಿ ಮೆಟ್ಟಿಲು ಏರುವಾಗ ಅವಳಿಗೂ ಅನಿಸಿತು, ಆರು ವರ್ಷದವಳಿಗೆ ಇದನ್ನು ಬಿಡಿಸಿ ಹೇಳುವುದು ಸುಲಭವಲ್ಲ. ದೊಡ್ಡವರಿಗೇ ಅರ್ಥವಾಗಲು ಒಂದು ವರ್ಷ ಹಿಡಿದಿತ್ತು. ಗೇಟಿನ ವಾಚ್‌ಮನ್ ಏಕನಾಥ ಇವತ್ತಿಗೂ ರಾಜೀವಕ್ಕ ಹೊರಗೆ ಹೊರಟರೆ ಕುರ್ಚಿಯಿಂದ ಎದ್ದು ನಿಂತು ಮರಾಠಿಯಲ್ಲಿ ವಿಚಾರಿಸುತ್ತಾನೆ, ಕಾಕೂ, ಇವತ್ತು ಎಲ್ಲಿ ನೋವು ಎಂದು. ರಾಜೀವಕ್ಕ ಅಷ್ಟೇ ಗಂಭೀರವಾಗಿ, ಇವತ್ತು ಪಿತ್ತಕೋಶ ಮಾರಾಯ, ನಾಳೆ ರಜೆ ಎನ್ನುತ್ತಾರೆ.

ಎದುರು ಮನೆಯ ರಾಜೀವಕ್ಕನಿಗೆ ಅರವತ್ತೊಂದು. ಕಾಪುವಿನ ಕಡೆಯವರು. ಮದುವೆಯಾಗಿ ಪುಣೆಗೆ ಬಂದು ಮೂವತ್ತೆಂಟು ವರ್ಷ ಕಳೆದಿದೆ. ಗಂಡ ಮೋಹನದಾಸ್ ಧನಕವಡಿಯ ಕಾಲೇಜುಗಳ ಹತ್ತಿರ ಇಡ್ಲಿ ವಡೆಯ ಸಣ್ಣ ಹೋಟೆಲು ನಡೆಸಿದವರು. ಹೊರಗೆ ಬೋರ್ಡಿನಲ್ಲಿ ಅವರ ಹೆಸರಿತ್ತು, ಒಳಗೆ ಒಲೆಯ ಮುಂದೆ ರಾಜೀವಕ್ಕ ಇದ್ದರು. ಮೂರು ವರ್ಷದ ಹಿಂದೆ ಮೋಹನದಾಸರ ಎರಡೂ ಮಂಡಿಗೆ ಆಪರೇಷನ್ ಆಯಿತು. ಹೋಟೆಲನ್ನು ತಮ್ಮನ ಮಗನಿಗೆ ಬಿಟ್ಟುಕೊಟ್ಟು ಇಬ್ಬರೂ ಮನೆಯಲ್ಲಿ ಕುಳಿತರು. ಮಕ್ಕಳಿಲ್ಲ. ಕೇಳಿದವರಿಗೆ ಅದನ್ನು ಹೇಳುತ್ತಾರೆ, ಕೇಳದವರಿಗೆ ಹೇಳುವುದಿಲ್ಲ.

ಕುಳಿತಿದ್ದು ಮೂರೇ ತಿಂಗಳು. ಆ ಮೂರು ತಿಂಗಳಲ್ಲಿ ರಾಜೀವಕ್ಕ ಮನೆಯ ಪಾತ್ರೆಗಳನ್ನೆಲ್ಲ ಎರಡೆರಡು ಸಲ ಉಜ್ಜಿದರು, ಟಿವಿಯ ರಿಮೋಟಿಗಾಗಿ ಗಂಡನ ಜೊತೆ ಹನ್ನೊಂದು ಸಲ ಮಾತು ಬಿಟ್ಟರು, ಯಶ್ಮಿತಾಳ ಮನೆಗೆ ದಿನಾ ಒಂದು ಬಟ್ಟಲು ಏನಾದರೂ ಕಳಿಸಿದರು. ಆಗ ಸಿಕ್ಕಿದವಳು ದೀಪಾಲಿ.

ಹೋಟೆಲಿನ ಮೇಲಿನ ಮಹಡಿಯಲ್ಲಿ ದೀಪಾಲಿ ಡಾಕ್ಟರುಗಳಿಗಾಗಿ ಒಂದು ಕ್ಲಾಸು ತೆರೆದಿದ್ದಳು. ಅವಳೂ ಡಾಕ್ಟರೇ. ಇಂಗ್ಲೆಂಡಿನಲ್ಲಿ ನಾಲ್ಕು ವರ್ಷ ಕೆಲಸ ಮಾಡಿ ಮರಳಿದವಳು. ಆ ದೇಶಕ್ಕೆ ಹೋಗುವ ನಮ್ಮ ಡಾಕ್ಟರುಗಳು ಒಂದು ಪರೀಕ್ಷೆ ಪಾಸಾಗಬೇಕು. ಅದರಲ್ಲಿ ರೋಗಿಯ ವೇಷದವರು ಕೋಣೆಯಲ್ಲಿ ಕೂತಿರುತ್ತಾರೆ. ಡಾಕ್ಟರು ಒಳಗೆ ಹೋಗಿ ಎಂಟು ನಿಮಿಷ ಮಾತಾಡಬೇಕು. ರೋಗ ಯಾವುದೆಂದು ಹೇಳಿದರೆ ಸಾಲದು, ಹೇಗೆ ಮಾತಾಡಿದಿರಿ ಎಂಬುದಕ್ಕೂ ಅಂಕ. ಅಂಥ ಅಭ್ಯಾಸಕ್ಕೆ ದೀಪಾಲಿ ನಾಟಕದ ಇಬ್ಬರು ಹುಡುಗರನ್ನು ಕರೆಸಿದ್ದಳು. ಅವರಲ್ಲಿ ಒಬ್ಬನಿಗೆ ಹೊಟ್ಟೆನೋವು ಎಂದು ಕೊಟ್ಟರೆ ಕುರ್ಚಿಯಿಂದ ಉರುಳಿ ಬಿದ್ದು ಸತ್ತೇ ಹೋಗುತ್ತಿದ್ದ. ಡಾಕ್ಟರು ಪ್ರಶ್ನೆ ಕೇಳೋಣವೆಂದರೆ ರೋಗಿಯೇ ಉಳಿಯುತ್ತಿರಲಿಲ್ಲ.

ಒಂದು ದಿನ ಕಾಫಿಗೆ ಕೆಳಗಿಳಿದ ದೀಪಾಲಿ, ಹೋಟೆಲು ಹೇಗೆ ನಡೆಯುತ್ತಿದೆ ಎಂದು ನೋಡಲು ಬಂದಿದ್ದ ರಾಜೀವಕ್ಕನನ್ನು ಕಂಡಳು. ಸಾಂಬಾರಿಗೆ ಇಂಗು ಕಡಿಮೆ ಎಂಬುದನ್ನು ಅವರು ಅಡುಗೆಯವನಿಗೆ ಬಯ್ಯದೆ, ಕೂಗದೆ, ಅವನ ಮುಖ ಸಣ್ಣದಾಗದಂತೆ ಹೇಳುವುದನ್ನು ನಿಂತು ಕೇಳಿದಳು.

“ಕಾಕೂ, ದಿನಾ ಒಂದು ಗಂಟೆ ಪೇಷಂಟ್ ಆಗ್ತೀರಾ?”

“ನನಗೆ ಯಾವ ಕಾಯಿಲೆಯೂ ಇಲ್ಲವಲ್ಲ ಮಾರಾಯ್ತಿ.”

“ಅದನ್ನ ನಾವು ಕೊಡ್ತೀವಿ.”

ಹಾಗೆ ಶುರುವಾಯಿತು. ಪ್ರತಿ ದಿನ ಒಂದು ಕಾರ್ಡು ಬರುತ್ತಿತ್ತು. ಹೆಸರು, ವಯಸ್ಸು, ಎಲ್ಲಿ ನೋವು, ಎಷ್ಟು ದಿನದಿಂದ, ಏನು ಕೇಳಿದರೆ ಏನು ಹೇಳಬೇಕು ಎಂದೆಲ್ಲ ಅದರಲ್ಲಿ. ರಾಜೀವಕ್ಕ ಕಾರ್ಡನ್ನು ಮಿಕ್ಸಿಯ ಹಿಂದೆ ಗೋಡೆಗೆ ಆನಿಸಿಟ್ಟು, ತೆಂಗಿನಕಾಯಿ ತುರಿಯುತ್ತ ಬಾಯಿಪಾಠ ಮಾಡುತ್ತಿದ್ದರು. ಊರಿನ ಕಾನ್ವೆಂಟಿನಲ್ಲಿ ಹತ್ತನೆಯ ತರಗತಿವರೆಗೆ ಕಲಿತ ಇಂಗ್ಲಿಷು ನಲವತ್ತು ವರ್ಷದ ಮೇಲೆ ಕೈಗೆ ಬಂತು. ಕ್ಲಾಸಿಗೆ ಹೊರಟ ಮೇಲೆ ಮೆಟ್ಟಿಲಿನಿಂದಲೇ ಕುಂಟಲು ಶುರು ಮಾಡುತ್ತಿದ್ದರು. ಅಲ್ಲಿಗೆ ಹೋಗಿ ಕುಂಟಿದರೆ ಸುಳ್ಳು ಕಾಣುತ್ತದೆ ಎಂಬುದು ಅವರ ವಾದ.

“ಇವತ್ತು ಎಂತದು? ಹೃದಯವಾ, ಕಿಡ್ನಿಯಾ?” ಮೋಹನದಾಸ್ ಪೇಪರಿನ ಹಿಂದಿನಿಂದ ಕೇಳುವರು.

“ಉಸಿರಾಟ.”

“ಹಾಗಾದ್ರೆ ಇವತ್ತು ಬೈಗುಳ ಕಡಿಮೆ.”

“ಕ್ಲಾಸ್ ಮುಗಿದ ಕೂಡಲೇ ಉಸಿರು ಬರ್ತದೆ. ಆಗ ಎಲ್ಲಾ ಒಟ್ಟಿಗೆ ಬೈತೇನೆ.”

ಕಾರ್ಡಿನ ಕೊನೆಯ ಸಾಲು ರಾಜೀವಕ್ಕನಿಗೆ ಬಹಳ ಇಷ್ಟ. ಅದು ರೋಗಿಯ ಮನಸ್ಸಿನೊಳಗಿನ ಚಿಂತೆ. ನಾನು ಆಸ್ಪತ್ರೆಗೆ ಸೇರಿದರೆ ನನ್ನ ಬೆಕ್ಕಿಗೆ ಊಟ ಹಾಕುವವರು ಯಾರು, ಎನ್ನುವಂಥದ್ದು. ಡಾಕ್ಟರು ತಾನಾಗಿ, ನಿಮಗೆ ಚಿಂತೆ ಏನು ಎಂದು ಕೇಳಿದರೆ ಮಾತ್ರ ಹೇಳಬೇಕು, ಕೇಳದಿದ್ದರೆ ಬಾಯಿ ಬಿಡಬಾರದು. “ಹತ್ತು ಜನರಲ್ಲಿ ಏಳು ಜನ ಕೇಳುವುದೇ ಇಲ್ಲ ಯಶ್ಮಿ,” ಎನ್ನುತ್ತಿದ್ದರು. “ನನ್ನ ಬೆಕ್ಕು ಉಪವಾಸ ಸಾಯ್ತದೆ.”

ದೇವಾನಂದ ಆ ಏಳು ಜನರಲ್ಲಿ ಒಬ್ಬ.

ಅವನ ಅಪ್ಪ ಅವ್ವಣ್ಣ ಆಳಂದದ ಕಡೆಯಿಂದ ಬಂದು ಪುಣೆಯ ಕಟ್ಟಡಗಳಿಗೆ ಸಿಮೆಂಟು ಕಲಸಿದವರು. ಈಗ ಹತ್ತು ಜನರನ್ನು ಇಟ್ಟುಕೊಂಡು ಸೆಂಟ್ರಿಂಗ್ ಕೆಲಸ ಮಾಡಿಸುತ್ತಾರೆ. ಅಮ್ಮ ಅವ್ವಮ್ಮ. ಎರಡು ಕೋಣೆಯ ಮನೆಯಲ್ಲಿ ಓದಿ ಸರ್ಕಾರಿ ಕಾಲೇಜಿನಲ್ಲಿ ಡಾಕ್ಟರಾದ ಹುಡುಗ ದೇವಾನಂದ. ದೊಡ್ಡ ಆಸ್ಪತ್ರೆಯೊಂದರ ವಾರ್ಡಿನಲ್ಲಿ ನಾಲ್ಕು ವರ್ಷ ದುಡಿದಿದ್ದ. ಅಲ್ಲಿ ಬೆಳಗಿನ ಸರದಿಯಲ್ಲಿ ಎಪ್ಪತ್ತು ರೋಗಿಗಳು. ಹೆಸರು ಕೇಳಲು ಪುರುಸೊತ್ತೆಲ್ಲಿ?

ಕ್ಲಾಸಿನ ಮೊದಲ ದಿನ ದೇವಾನಂದ ಕೋಣೆಗೆ ನುಗ್ಗಿದವನೇ ನೇರವಾಗಿ ರಾಜೀವಕ್ಕನ ಹೊಟ್ಟೆಯ ಮೇಲೆ ಕೈಯಿಟ್ಟು ಒತ್ತಿದ. ಆ ದಿನ ರಾಜೀವಕ್ಕ ಮಿಸೆಸ್ ವಾಟ್ಸನ್. ಆದರೆ ಬಾಯಿಂದ ಬಂದದ್ದು, “ಏಯ್, ಕೈ ತೆಗಿ ಮಾರಾಯ!”

ದೇವಾನಂದ ಬಿಸಿ ತಗಲಿದವನಂತೆ ಕೈ ಎಳೆದುಕೊಂಡ.

“ನೀವು ಕನ್ನಡದವರೇನ್ರಿ ಮಾವಶಿ?”

“ಕೇಳದೆ ಹೊಟ್ಟೆ ಮುಟ್ಟಿದ್ರೆ ಎಲ್ಲರೂ ಅವರವರ ಭಾಷೆಯಲ್ಲೇ ಬೈತಾರೆ. ಹೊರಗೆ ಹೋಗಿ ಮತ್ತೆ ಬಾ. ಬಾಗಿಲು ಬಡಿ. ನಿನ್ನ ಹೆಸರು ಹೇಳು, ನನ್ನ ಹೆಸರು ಕೇಳು.”

ಅವನು ಹೊರಗೆ ಹೋದ, ಬಾಗಿಲು ಬಡಿದ. ನಾಲ್ಕು ತಿಂಗಳು ಬಡಿಯುತ್ತಲೇ ಇದ್ದ. ಪರೀಕ್ಷೆ ಪಾಸಾದ ದಿನ ಅವ್ವಮ್ಮ ಸ್ಟೀಲು ಡಬ್ಬಿಯ ತುಂಬ ಶೇಂಗಾ ಹೋಳಿಗೆ ಹೊತ್ತುಕೊಂಡು ಬಂದು, ರಾಜೀವಕ್ಕನ ಎರಡೂ ಕೈ ಹಿಡಿದು ಬಹಳ ಹೊತ್ತು ಕೂತಿದ್ದರು. ಕಳೆದ ಮಳೆಗಾಲದ ಕೊನೆಯಲ್ಲಿ ಅವನು ಇಂಗ್ಲೆಂಡಿನ ಉತ್ತರದ ಒಂದು ಊರಿನ ಆಸ್ಪತ್ರೆಗೆ ಹೋದ.

ಹೋದ ಮೇಲೆ ಪ್ರತಿ ಭಾನುವಾರ ಸಂಜೆ ನಾಲ್ಕೂವರೆಗೆ ರಾಜೀವಕ್ಕನಿಗೆ ವಿಡಿಯೋ ಕಾಲ್ ಬರುತ್ತಿತ್ತು. ಅವರಿಗೆ ಫೋನಿನ ಕೆಲಸ ಅಷ್ಟಾಗಿ ಆಗದು, ಹಾಗಾಗಿ ಯಶ್ಮಿತಾ ಹೋಗಿ ಸಕ್ಕರೆ ಡಬ್ಬಿಗೆ ಫೋನನ್ನು ಆನಿಸಿ ಕೊಡುತ್ತಿದ್ದಳು. ಆಮೇಲೆ ಬಜ್ಜಿಯ ವಾಸನೆಗೆ ಕೂತುಬಿಡುತ್ತಿದ್ದಳು. ಹರ್ಷಾ ನೆಲದ ಮೇಲೆ ಚಿತ್ರ ಬಿಡಿಸುತ್ತಿದ್ದಳು. ಮೊದಮೊದಲು ಆ ಕಾಲ್ ಎಂದರೆ ನಗುವುದಕ್ಕೇ.

ಅಲ್ಲಿ ದೊಡ್ಡ ಡಾಕ್ಟರನ್ನು ಸರ್ ಎನ್ನುವಂತಿಲ್ಲ, ಹೆಸರು ಹಿಡಿದೇ ಕರೆಯಬೇಕು. ತನ್ನ ಅಪ್ಪನಿಗಿಂತ ದೊಡ್ಡವರನ್ನು ಗ್ರಹಾಂ ಎಂದು ಕರೆಯಲು ದೇವಾನಂದನಿಗೆ ನಾಲಿಗೆ ಏಳಲಿಲ್ಲ. ಕರೆಯಬೇಕಾದಾಗಲೆಲ್ಲ ಹಿಂದೆ ನಿಂತು ಕೆಮ್ಮುತ್ತಿದ್ದ. ಆರನೆಯ ವಾರ ಅವರೇ ತಿರುಗಿ, ನಿನ್ನ ಎದೆಯ ಎಕ್ಸ್‌ರೇ ತೆಗೆಸೋಣ ಎಂದರಂತೆ.

ಇನ್ನೊಂದು ವಾರ ಜೋಳದ ರೊಟ್ಟಿಯ ಸುದ್ದಿ. ಅವ್ವಮ್ಮ ಕಟ್ಟಿಕೊಟ್ಟ ಹಿಟ್ಟನ್ನು ತಟ್ಟಿ, ಹಂಚಿನ ಮೇಲೆ ಹಾಕಿ, ಆಮೇಲೆ ಉರಿಯ ಮೇಲೆ ಉಬ್ಬಿಸಲು ಹೋಗಿದ್ದಾನೆ. ಚಾವಣಿಯಲ್ಲಿದ್ದ, ಹೊಗೆ ಪತ್ತೆ ಹಚ್ಚುವ ಯಂತ್ರ ಕೂಗಿಕೊಂಡಿತು. ಆಸ್ಪತ್ರೆಯ ಆ ಕ್ವಾರ್ಟರ್ಸಿನಲ್ಲಿದ್ದ ಡಾಕ್ಟರು, ನರ್ಸು, ಒಟ್ಟು ನಲವತ್ತು ಜನ ಮಲಗುವ ಬಟ್ಟೆಯಲ್ಲೇ ಹೊರಗೆ ಬಂದು ಮಳೆಯಲ್ಲಿ ನಿಂತರು. ಬೆಂಕಿ ಆರಿಸುವವರ ಗಾಡಿಯೂ ಬಂತು.

“ರೊಟ್ಟಿ ಏನಾಯ್ತು?” ಮೋಹನದಾಸ್ ಕೇಳಿದರು.

“ಆ ಗಾಡ್ಯಾಗಿನವ ಒಬ್ಬ ಅರ್ಧ ತಿಂದ್ರಿ ಕಾಕಾ. ಉಪ್ಪು ಕಡಿಮಿ ಅದ ಅಂದ.”

ಡಿಸೆಂಬರಿನ ನಂತರ ನಗು ಕಡಿಮೆಯಾಯಿತು. ಅಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲೆ. ಕೆಲಸಕ್ಕೆ ಹೋಗುವಾಗಲೂ ಕತ್ತಲೆ, ಬರುವಾಗಲೂ ಕತ್ತಲೆ. ಎಲ್ಲರೂ ನಗುತ್ತಲೇ ಮಾತಾಡುತ್ತಾರಂತೆ, ಆದರೆ ಮನೆಗೆ ಬಾ ಎಂದು ಒಬ್ಬರೂ ಕರೆಯುವುದಿಲ್ಲವಂತೆ. ಇಷ್ಟು ಹೇಳಿ ಅವನು, ಇವತ್ತು ಯಾವ ಬಜ್ಜಿ ಎಂದು ಕೇಳುತ್ತಿದ್ದ. ಜನವರಿಯಲ್ಲಿ ಅದೂ ನಿಂತು, ಒಂದೇ ಮಾತು ಉಳಿಯಿತು: “ಎಲ್ಲ ಛಲೋ ಅದ ಮಾವಶಿ.” ಕಾಲ್ ಐದು ನಿಮಿಷಕ್ಕೆ ಮುಗಿಯುತ್ತಿತ್ತು.

ಕಳೆದ ತಿಂಗಳ ಮೂರನೆಯ ಭಾನುವಾರ ಅವನು ಹಾಗೇ ಹೇಳಿದಾಗ ರಾಜೀವಕ್ಕ ಬಾಣಲೆಯ ಉರಿ ಆರಿಸಿ ಬಂದು ಫೋನಿನ ಮುಂದೆ ಸರಿಯಾಗಿ ಕೂತರು.

“ನಾಲ್ಕು ವಾರದಿಂದ ಇದೊಂದೇ ಮಾತು ಹೇಳ್ತಾ ಇದ್ದಿ. ಮುಖ ನೋಡಿದ್ರೆ ಬೇರೆ ಹೇಳ್ತದೆ. ನಿನಗೆ ಚಿಂತೆ ಎಂತದು ಮಗಾ?”

ದೇವಾನಂದ ಬಲಗೈಯಿಂದ ಎಡಗೈಯ ಉಗುರು ಕೆರೆಯುತ್ತ ಕೂತ. ರಾಜೀವಕ್ಕ ಕಾದರು. ಕಾಯುವುದು ಅವರಿಗೆ ಬರುತ್ತಿತ್ತು.

“ನಾ ವಾಪಸ್ ಬರ್ಲಾಕತ್ತೀನ್ರಿ ಮಾವಶಿ,” ಎಂದ ಕೊನೆಗೆ. “ರಾಜೀನಾಮೆ ಬರದಿಟ್ಟೀನಿ. ಶುಕ್ರವಾರ ಕಳಸ್ತೀನಿ.”

ಆದದ್ದು ಇಷ್ಟು. ಅವನ ವಾರ್ಡಿನಲ್ಲಿ ಒಬ್ಬ ಅಜ್ಜ ಇದ್ದ. ಹೆಸರು ಹೇಳುವಂತಿಲ್ಲ ಎಂದು ದೇವಾನಂದ ಹೇಳಲಿಲ್ಲ. ಅಜ್ಜನ ಹೊಟ್ಟೆಯ ಸ್ಕ್ಯಾನ್ ವರದಿ ಬಂತು, ಒಳ್ಳೆಯದಿರಲಿಲ್ಲ. ಹೊರಗೆ ಮಗ ಕಾಫಿ ಹಿಡಿದು ನಿಂತಿದ್ದ. ದೇವಾನಂದ ಮಗನನ್ನು ಪಕ್ಕಕ್ಕೆ ಕರೆದು, ಭುಜದ ಮೇಲೆ ಕೈಯಿಟ್ಟು, ಎಲ್ಲ ಹೇಳಿದ. ಅಪ್ಪನಿಗೆ ಈಗಲೇ ಹೇಳಬೇಡಿ, ಒಂದೆರಡು ದಿನ ಚೆನ್ನಾಗಿ ಊಟ ಮಾಡಲಿ ಎಂದೂ ಸೇರಿಸಿದ.

“ನಾಲ್ಕು ವರ್ಷ ಪುಣೆದಾಗ ನಾ ಹಂಗೇ ಮಾಡೀನ್ರಿ. ಮೊದಲ ಮನಿಮಂದಿಗಿ ಹೇಳಾದು. ಪೇಷಂಟ್‌ಗ ಹೇಳಿದ್ರ ಮನಿಯವರು ನಮಗ ಹೊಡಿಲಾಕ ಬರ್ತಿದ್ರು. ಪರೀಕ್ಷಾದಾಗ ಸರಿಯಾಗಿ ಹೇಳೀನಿ, ಪೇಷಂಟ್‌ನ್ನ ಕೇಳದ ಯಾರಿಗೂ ಹೇಳಬಾರದು ಅಂತ. ಆದ್ರ ಆವತ್ತು ಆ ಹುಡುಗನ ಮಾರಿ ನೋಡಿದ ಮ್ಯಾಲ ನನಗ ಪರೀಕ್ಷಾ ನೆನಪೇ ಆಗ್ಲಿಲ್ರಿ. ಪುಣೆನೇ ನೆನಪಾಯ್ತು.”

ಅಜ್ಜನಿಗೆ ತನ್ನ ಕಾಯಿಲೆಯ ಅಂದಾಜು ಮೊದಲೇ ಇತ್ತು. ಅವನೇ ಮಗನಿಂದ ಮುಚ್ಚಿಟ್ಟಿದ್ದ. ಮುಂದಿನ ತಿಂಗಳು ಮಗನ ಮದುವೆ, ಅದು ಮುಗಿದ ಮೇಲೆ ಹೇಳೋಣ ಎಂದು. ಮಗ ಅಳುತ್ತ ಒಳಗೆ ಬಂದು ಮದುವೆ ಮುಂದೂಡುತ್ತೇನೆ ಎಂದಾಗ ಅಜ್ಜ ದೂರು ಕೊಟ್ಟ. ಗುರುವಾರ ದೊಡ್ಡ ಡಾಕ್ಟರ ಎದುರಿಗೆ ದೇವಾನಂದ ಆ ಅಜ್ಜನ ಜೊತೆ ಕೂತು ಮಾತಾಡಬೇಕು. ಅದೊಂದು ಆದರೆ ವಿಷಯ ಅಲ್ಲಿಗೇ ಮುಗಿಯಬಹುದು ಎಂದು ಅವರು ಹೇಳಿದ್ದರು. ಆದರೆ ಅದೊಂದೇ ತನ್ನಿಂದಾಗದು ಎಂದು ಇವನಿಗೆ ಖಾತ್ರಿಯಾಗಿತ್ತು.

“ನಿನ್ನ ಮನೆಯಲ್ಲಿ ಗೊತ್ತುಂಟಾ?”

“ಇಲ್ರಿ. ಅವ್ವಗ ಹೇಳಿದ್ರ ಇವತ್ತೇ ವಿಮಾನ ಹತ್ತು ಅಂತಾಳ. ಅಪ್ಪಗ ಹೇಳಿದ್ರ ತಾನೇ ಇಲ್ಲಿಗಿ ಬಂದು ಆ ಅಜ್ಜನ ಕಾಲಿಗಿ ಬೀಳ್ತಾನ.”

ಯಶ್ಮಿತಾ ನಗು ತಡೆಯಲು ಬಾಯಿಗೆ ಸೆರಗು ಒತ್ತಿಕೊಂಡಳು. ದೇವಾನಂದನೂ ನಕ್ಕ. ನಾಲ್ಕು ವಾರದಲ್ಲಿ ಅದೇ ಮೊದಲು.

“ಬರುವುದಾದ್ರೆ ಬಾ,” ರಾಜೀವಕ್ಕ ಹೇಳಿದರು. “ಇದು ನಿನ್ನ ಊರು, ಯಾರೂ ಎಂತದೂ ಹೇಳುವುದಿಲ್ಲ. ಆದ್ರೆ ಆ ಅಜ್ಜನ ಹತ್ರ ಮಾತಾಡಿಯೇ ಬಾ. ಮಾತಾಡದೆ ಬಂದ್ರೆ ಇಲ್ಲಿಯ ವಾರ್ಡಿನಲ್ಲೂ ನಿನಗೆ ಬಾಗಿಲು ಬಡೀಲಿಕ್ಕೆ ಹೆದರಿಕೆ ಆಗ್ತದೆ. ನಡಿ, ಈಗಲೇ ಶುರು ಮಾಡುವಾ. ನಾನು ಆ ಅಜ್ಜ.”

ಅವತ್ತು ರಾಜೀವಕ್ಕ ಒಳ್ಳೆಯ ಅಜ್ಜನಾಗಲಿಲ್ಲ. ದೇವಾನಂದ ಎರಡು ವಾಕ್ಯ ಹೇಳಿ ತಡವರಿಸಿದ ಕೂಡಲೇ ಕ್ಷಮಿಸಿಬಿಟ್ಟರು. ಎರಡನೆಯ ಸಲವೂ ಅಷ್ಟೇ. ಮೂರನೆಯ ಸಲ ಕ್ಷಮಿಸುವಾಗ ಒಂದು ಬಜ್ಜಿಯನ್ನೂ ಫೋನಿನ ಕಡೆ ಚಾಚಿದರು.

“ಇದು ಆಗುವ ಹೋಗುವ ಮಾತಲ್ಲ,” ಮೋಹನದಾಸ್ ಪೇಪರು ಮಡಚಿದರು. “ಅಲ್ಲಿಯ ಮುದುಕ ಬಜ್ಜಿ ಕೊಡ್ತಾನಾ?”

“ಹಾಗಾದ್ರೆ ನೀವೇ ಕೂತ್ಕೊಳ್ಳಿ.”

“ಕೂರ್ತೇನೆ. ನನಗೆ ಕಾರ್ಡು ಬೇಡ.”

ಅವರು ಎರಡೂ ಮಂಡಿಗೆ ಕೈಯೂರಿ ಎದ್ದು ಬಂದು ಫೋನಿನ ಮುಂದೆ ಕೂತರು. ದೇವಾನಂದ ಇಂಗ್ಲಿಷಿನಲ್ಲಿ ಶುರು ಮಾಡಿದ. ನಮ್ಮ ದೇಶದಲ್ಲಿ ಹೀಗೆ ಪದ್ಧತಿ, ಮೊದಲು ಮನೆಯವರಿಗೆ ಹೇಳುತ್ತೇವೆ, ಅದು ನಿಮ್ಮ ಒಳ್ಳೆಯದಕ್ಕೇ, ಎಂದು. ಮೋಹನದಾಸ್ ಮುಖ ತಿರುಗಿಸಿ ಗೋಡೆ ನೋಡತೊಡಗಿದರು. ಅವನು ಮತ್ತೆ ಶುರು ಮಾಡಿದ, ಮತ್ತೆ ನಮ್ಮ ದೇಶ ಎಂದ.

“ನಿನ್ನ ದೇಶ ಅಲ್ಲೇ ಇರಲಿ,” ಮೋಹನದಾಸರ ದನಿ ಏರಿತು. ಹೋಟೆಲಿನ ಇಂಗ್ಲಿಷು ಎಲ್ಲಿಯೋ ಬಿಟ್ಟುಹೋಗಿ ಕನ್ನಡವೇ ಬಂತು. “ಹೊಟ್ಟೆ ನನ್ನದು. ನಾನು ಮಂಚದ ಮೇಲೆ ಇದ್ದೇನೆ, ಕಿವಿ ಸರಿ ಉಂಟು, ಬುದ್ಧಿ ಸರಿ ಉಂಟು. ನೀವು ಬಾಗಿಲ ಹತ್ರ ನಿಂತು ಗುಸುಗುಸು ಮಾಡ್ತೀರಿ. ಒಂದು ಮಂಡಿಯಾ ಎರಡಾ, ಈ ವಾರವಾ ಮುಂದಿನ ವಾರವಾ, ಎಲ್ಲಾ ನೀವು ನೀವೇ ಮಾತಾಡಿ ಮುಗಿಸಿದ್ರಿ. ಪ್ಯಾಂಟ್ ತೆಗಿ ಅಂತ ಹೇಳುವುದಕ್ಕೆ ಮಾತ್ರ ನನ್ನ ಹತ್ರ ಬಂದ್ರಿ.”

ಅಜ್ಜನಿಗೆ ಆದದ್ದು ಹೊಟ್ಟೆಯ ಕಾಯಿಲೆ. ಮಂಡಿ ಯಾರದ್ದೆಂದು ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತಾಯಿತು. ಯಶ್ಮಿತಾ ರಾಜೀವಕ್ಕನ ಮುಖ ನೋಡಲಿಲ್ಲ. ಹರ್ಷಾ ಬಣ್ಣದ ಪೆನ್ಸಿಲು ಎತ್ತಿ ಹಿಡಿದವಳು ಹಾಗೇ ಕೂತಳು.

ದೇವಾನಂದನಿಗೂ ಗೊತ್ತಾಗಿತ್ತು. ಅವನು ನಮ್ಮ ದೇಶ ಎನ್ನಲಿಲ್ಲ. ಫೋನಿನ ಹತ್ತಿರ ಸರಿದು ಮೆಲ್ಲಗೆ ಕೇಳಿದ, “ಆವಾಗ ನಿಮಗ ಏನ್ ಅನಿಸ್ತ್ರಿ ಕಾಕಾ?”

“ಎಂತ ಅನಿಸುವುದು.” ಮೋಹನದಾಸ್ ಪಂಚೆಯ ಅಂಚು ಸರಿಮಾಡಿಕೊಂಡರು. “ನಾನು ಗಿರಾಕಿ ಇಲ್ಲದ ಟೇಬಲ್ ಅಂತ ಅನಿಸಿತು. ಒರೆಸಿಕೊಂಡು ಹೋಗ್ತಾರಲ್ಲ, ಹಾಗೆ.”

“ತಪ್ಪಾಯ್ತ್ರಿ. ನಿಮ್ಮ ಸುದ್ದಿ ನಿಮಗ ಹೇಳಬೇಕಿತ್ತು. ನಾ ಬ್ಯಾರೆದವರಿಗಿ ಹೇಳಿದೆ.”

ಮೋಹನದಾಸ್ ಒಂದು ಗಳಿಗೆ ಫೋನನ್ನೇ ನೋಡಿದರು. “ಇಷ್ಟು ಸಾಕು,” ಎಂದರು. “ಗುರುವಾರ ಇಷ್ಟೇ ಹೇಳು. ಇದರ ಮೇಲೆ ಒಂದು ಅಕ್ಷರ ಸೇರಿಸಬೇಡ.”

ಕಾಲ್ ಮುಗಿದ ಮೇಲೆ ರಾಜೀವಕ್ಕ ಬಾಣಲೆಯ ತಣ್ಣಗಾದ ಎಣ್ಣೆಯನ್ನು ಪುನಃ ಕಾಯಿಸಲು ಇಟ್ಟರು. ಬೆನ್ನು ಇತ್ತ ಕಡೆಗಿತ್ತು.

“ಮೂರು ವರ್ಷ ಆಯ್ತು. ಒಂದು ದಿನ ಹೇಳ್ಲಿಲ್ಲವಲ್ಲ ನೀವು.”

“ನೀನು ಕೇಳ್ಲಿಲ್ಲ.”

“ಊರವರಿಗೆಲ್ಲ ಕೇಳು ಕೇಳು ಅಂತ ಪಾಠ ಮಾಡ್ತೇನೆ.”

“ಅದೇ. ನನಗೂ ಒಂದು ಕಾರ್ಡು ಮಾಡಿಸು,” ಎಂದರು ಮೋಹನದಾಸ್. “ಈಗ ಆ ಬಜ್ಜಿ ಕೊಡು. ಕೋಪ ಮಾಡಿ ಹಸಿವಾಯ್ತು.”

ಯಶ್ಮಿತಾ ಹರ್ಷಾಳನ್ನು ಎತ್ತಿಕೊಂಡು ಮೆಲ್ಲಗೆ ಮನೆಗೆ ಬಂದಳು. ಚಾಕಣದ ಕಾರ್ಖಾನೆಯಿಂದ ಶಿಫ್ಟು ಮುಗಿಸಿ ಬಂದ ಗಂಡ ಕುಶಲನಿಗೆ ಆ ಸಂಜೆ ಚಹಾ ಕೊಡುತ್ತ, “ನಿಮಗೆ ಚಿಂತೆ ಏನಾದರೂ ಉಂಟಾ?” ಎಂದು ಕೇಳಿದಳು. ಅವನು ಗಾಬರಿಯಾಗಿ, “ಯಾಕೆ, ನಿನ್ನ ಅಮ್ಮ ಬರ್ತಾರಾ?” ಎಂದ.

ಗುರುವಾರ ರಾಜೀವಕ್ಕನಿಗೆ ಕ್ಲಾಸಿನಲ್ಲಿ ಥೈರಾಯ್ಡ್ ಇತ್ತು. ಅವರು ಅದನ್ನು ಮರೆತು ಹೃದಯಾಘಾತದ ಉತ್ತರಗಳನ್ನು ಕೊಟ್ಟರು. ಎದುರಿಗಿದ್ದ ಡಾಕ್ಟರು ಹೌಹಾರಿ ಆಂಬುಲೆನ್ಸಿಗೆ ಫೋನ್ ಮಾಡಲು ಹೊರಟಿದ್ದನಂತೆ. ದೀಪಾಲಿ ಅವರನ್ನು ಬೇಗ ಮನೆಗೆ ಕಳಿಸಿದಳು. ಸಂಜೆ ಆರರಿಂದ ಗಂಡ ಹೆಂಡತಿ, ಯಶ್ಮಿತಾ ಮೂವರೂ ಸಕ್ಕರೆ ಡಬ್ಬಿಯ ಮುಂದೆ ಕೂತಿದ್ದರು. ರಾಜೀವಕ್ಕ ಬಟಾಣಿ ಸುಲಿಯುತ್ತ ಕಾಳನ್ನು ಸಿಪ್ಪೆಯ ಪಾತ್ರೆಗೂ ಸಿಪ್ಪೆಯನ್ನು ಕಾಳಿನ ಪಾತ್ರೆಗೂ ಹಾಕುತ್ತಿದ್ದರು. ಯಶ್ಮಿತಾ ಹಿಂದಿನಿಂದ ಅದನ್ನು ಬೇರೆ ಮಾಡುತ್ತಿದ್ದಳು. ಕಾಲ್ ಬಂದದ್ದು ಏಳಕ್ಕೆ. ದೇವಾನಂದ ಆಸ್ಪತ್ರೆಯ ಮೆಟ್ಟಿಲಿನ ಮೇಲೆ ಟೋಪಿ ಹಾಕಿ ಕೂತಿದ್ದ.

“ಏನಂದ ಮುದುಕ?” ಮೋಹನದಾಸ್ ಮೊದಲು ಕೇಳಿದರು.

“ನಾ ಹೇಳಿದ ಮ್ಯಾಲ ಅಜ್ಜ ಕನ್ನಡಕ ತೆಗದು ಒರಸ್ಕೊಂಡ್ರಿ. ಆಮ್ಯಾಲ, ನಿನ್ನ ಕ್ಷಮಿಸಂಗಿಲ್ಲ ಅಂದ.”

ರಾಜೀವಕ್ಕನ ಕೈ ಬಟಾಣಿಯಲ್ಲೇ ನಿಂತಿತು.

“ಕ್ಷಮಿಸಂಗಿಲ್ಲ, ಆದ್ರ ನಾಳೆ ರಕ್ತ ತೆಗಿಲಾಕ ನೀನೇ ಬಾ, ಬ್ಯಾರೆ ಯಾರಿಗೂ ನನ್ನ ನರ ಸಿಗಂಗಿಲ್ಲ ಅಂದ್ರಿ. ಮಗನ ಮದುವಿ ಹದಿನೈದು ದಿನ ಮೊದಲ ಮಾಡ್ಲಾಕತ್ತಾರಂತ. ಅಜ್ಜ ಹೋಗಬೇಕಂತ ಪಟ್ಟು ಹಿಡದಾನ.”

“ಮತ್ತೆ ನಿನ್ನ ಆ ಕಾಗದ?”

“ಯಾವ ಕಾಗದ?” ಎಂದ ದೇವಾನಂದ. ಆಮೇಲೆ ತಲೆ ಕೆರೆದುಕೊಂಡ. “ನಾಳೆ ರಕ್ತ ತೆಗಿಬೇಕಲ್ರಿ. ಕಳಸಲಾಕ ಬರಂಗಿಲ್ಲ.”

ಮೋಹನದಾಸ್ ತಮಗೇ ಪರೀಕ್ಷೆ ಪಾಸಾದಂತೆ ಎದೆ ಉಬ್ಬಿಸಿಕೊಂಡು ಒಳಗೆ ಹೋದರು. ಆ ರಾತ್ರಿಯ ಪಲಾವಿನಲ್ಲಿ ಎಲ್ಲರಿಗೂ ಬಟಾಣಿಯ ಸಿಪ್ಪೆ ಒಂದೊಂದು ಸಿಕ್ಕಿತು, ಎಲ್ಲರೂ ಅದನ್ನು ತಟ್ಟೆಯ ಅಂಚಿಗೆ ಸರಿಸಿ ಉಂಡರು.

ವಿಷಯ ಅಲ್ಲಿಗೆ ನಿಲ್ಲಲಿಲ್ಲ. ಮುಂದಿನ ಭಾನುವಾರ ಫೋನಿನ ಪರದೆಯಲ್ಲಿ ದೇವಾನಂದನ ಹಿಂದೆ ಇನ್ನೂ ನಾಲ್ಕು ತಲೆಗಳು ಕಂಡವು. ಅದೇ ಆಸ್ಪತ್ರೆಯ ಡಾಕ್ಟರುಗಳು, ನಾಗಪುರದವಳೊಬ್ಬಳು, ಕೊಚ್ಚಿಯವನೊಬ್ಬ, ಲಾಹೋರಿನವನೊಬ್ಬ, ನೈಜೀರಿಯಾದವಳೊಬ್ಬಳು. ಐದೂ ಜನರದ್ದು ಒಂದೇ ಕಷ್ಟ. ಕಾಯಿಲೆ ಗೊತ್ತು, ಮದ್ದು ಗೊತ್ತು, ಅದನ್ನು ಅಲ್ಲಿಯವರಿಗೆ ಹೇಳುವಾಗ ಅವರವರ ಊರು ನಡುವೆ ಬರುತ್ತದೆ. ಒಬ್ಬಳು ತಪ್ಪಾದೀತೆಂದು ಎರಡು ತಿಂಗಳಿಂದ ಬಾಯಿ ತೆರೆಯುವುದನ್ನೇ ಬಿಟ್ಟಿದ್ದಳು, ಒಬ್ಬ ರಾತ್ರಿ ನಿದ್ದೆ ಬಿಟ್ಟಿದ್ದ. ವಾರಕ್ಕೊಮ್ಮೆ ಮಾವಶಿ ಪೇಷಂಟ್ ಆಗುವರೇ ಎಂದು ಕೇಳಿದರು. ಮೋಹನದಾಸರನ್ನು ತೋರಿಸಿ, ಸಿಟ್ಟಿನ ಕಾಕಾ ಕೂಡ ಬೇಕು ಎಂದಳು ನಾಗಪುರದವಳು. ಕಾಕಾ ಪ್ರತಿ ಸಲಕ್ಕೆ ಎರಡು ಲೋಟ ಕಾಫಿ ಎಂದು ಷರತ್ತು ಹಾಕಿ ಒಪ್ಪಿಕೊಂಡರು.

ಅಜ್ಜಿಗೆ ದಿನಕ್ಕೊಂದು ಕಾಯಿಲೆ ಯಾಕೆ ಎಂದು ಬೆಳಿಗ್ಗೆ ಕೇಳಿದ ದಿನವೇ ಸಂಜೆ ವ್ಯಾನಿನಿಂದ ಇಳಿದ ಹರ್ಷಾಳಿಗೆ ಯಶ್ಮಿತಾ ಉತ್ತರ ಕೊಟ್ಟಳು. ದೂರದ ಊರಿಗೆ ಹೋದ ಡಾಕ್ಟರಿಗೆ ಅಲ್ಲಿ ಹೆದರಿಕೆ ಆಗುತ್ತದೆ, ಅಜ್ಜಿ ಇಲ್ಲಿ ಕಾಯಿಲೆಯವರ ಹಾಗೆ ಮಾಡಿ ಅವರ ಹೆದರಿಕೆ ಬಿಡಿಸುತ್ತಾರೆ, ಎಂದು. ಹರ್ಷಾ ಯೋಚಿಸಿದಳು.

“ಡಾಕ್ಟರಿಗೂ ಹೆದರಿಕೆಯಾ?”

“ಹೌದು. ಹೊಸ ಶಾಲೆಗೆ ಸೇರಿದಾಗ ನಿನಗೆ ಆಗಿತ್ತಲ್ಲ, ಹಾಗೆ.”

“ಅವರೂ ಟಾಯ್ಲೆಟ್ ಎಲ್ಲಿ ಅಂತ ಕೇಳ್ಲಿಕ್ಕೆ ಹೆದರ್ತಾರಾ?”

“ಹೆಚ್ಚು ಕಡಿಮೆ ಹಾಗೇ,” ಎಂದಳು ಯಶ್ಮಿತಾ.

ಯಾರೋ ಬಾಗಿಲು ಬಡಿದರು. ರಾಜೀವಕ್ಕ ಎಂದೂ ಬಡಿದು ಬಂದವರಲ್ಲ, ನೇರ ಒಳಗೆ ಬರುವವರು. ಇವತ್ತು ಹೊಸ್ತಿಲಲ್ಲಿ ನಿಂತಿದ್ದರು. ಒಂದು ಕೈಯಲ್ಲಿ ಮುಚ್ಚಿದ ಬಟ್ಟಲು, ಇನ್ನೊಂದರಲ್ಲಿ ಅವರದೇ ಅಕ್ಷರದಲ್ಲಿ ಬರೆದ ಕಾರ್ಡು.

“ಬನ್ನಿ ರಾಜೀವಕ್ಕ, ಯಾಕೆ ಅಲ್ಲೇ ನಿಂತ್ರಿ?”

“ಇಲ್ಲ, ಕೇಳಿಯೇ ಬರುವಾ ಅಂತ.” ಅವರು ಬಟ್ಟಲನ್ನು ಮೇಜಿನ ಮೇಲಿಟ್ಟರು, ಕಾರ್ಡನ್ನು ಮಾತ್ರ ಬಿಡಲಿಲ್ಲ. “ಆ ಮಕ್ಕಳಿಗೆ ಪೇಷಂಟ್ ಮಾತ್ರ ಇದ್ರೆ ಸಾಕಾಗುವುದಿಲ್ಲ ಯಶ್ಮಿ. ಪೇಷಂಟ್ ಹತ್ರ ಮಾತಾಡ್ಲಿಕ್ಕೆ ಹೇಗೋ ಕಲಿತಾರೆ. ಬಾಗಿಲಲ್ಲಿ ಮನೆಯವರು ಬಂದು ನಿಂತ ಕೂಡಲೇ ಎಲ್ಲಾ ಮರೆತುಹೋಗ್ತದೆ. ಇವರಿಗೆ ಹೇಳಿದ್ರೆ, ನನಗೆ ಮುದುಕನ ಪಾರ್ಟೇ ಬೇಕು, ಮನೆಯವರ ಪಾರ್ಟು ಬೇಡ ಅಂತಾರೆ.”

“ಅದಕ್ಕೆ?”

“ನಿನಗೆ ಕೆಲಸ ತುಂಬ ಉಂಟು, ಗೊತ್ತು. ಮಗುವನ್ನೂ ಕರ್ಕೊಂಡು ಬಾ, ಬಜ್ಜಿ ಮಾಡಿ ಇಡ್ತೇನೆ. ಭಾನುವಾರ ಅರ್ಧ ಗಂಟೆ, ಜಾಸ್ತಿ ಬೇಡ.” ರಾಜೀವಕ್ಕ ಕಾರ್ಡನ್ನು ಅವಳ ಕೈಗೆ ಕೊಟ್ಟರು. “ನೀನು ನನ್ನ ಮಗಳಾಗ್ತೀಯಾ? ಡಾಕ್ಟರ ಮೇಲೆ ರೇಗುವ ಮಗಳು.”